ಅಪ್‌ಡೇಟ್: ಒಂದೇ ದಿನದಲ್ಲಿ ಮೂರು ಮ್ಯೂಸಿಯಂ? ಆಗಲಿಲ್ಲ!

ಮಕ್ಕಳ ಜೊತೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರ್ತಾ ಇದೀವಿ, ವಿಶ್ವೇಶ್ವರಯ್ಯ ವಿಜ್ಞಾನ ಮ್ಯೂಸಿಯಂ, ತಾರಾಲಯ, ಎಚ್‌ಎಎಲ್ ವಿಮಾನ ಮ್ಯೂಸಿಯಂ ಮೂರೂ ಒಂದೇ ದಿನ ಆಗುತ್ತಾ ಅಂತ ಕೇಳಿದ್ದೆ. "ಒಂದನ್ನೇ ಸರಿಯಾಗಿ ನೋಡಿ" ಅಂದವರ ಮಾತೇ ನಿಜವಾಯ್ತು.

ಬೆಳಿಗ್ಗೆ ಮೆಟ್ರೋದಲ್ಲಿ ಕಬ್ಬನ್ ಪಾರ್ಕ್ ಸ್ಟೇಷನ್‌ಗೆ ಬಂದು, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋದೆವು. ಹೊರಗಿಟ್ಟಿರುವ ಮಾರುತ್ ಯುದ್ಧವಿಮಾನದ ಹತ್ತಿರವೇ ಅರ್ಧ ಗಂಟೆ ಹೋಯ್ತು. ಒಳಗೆ ಎಂಜಿನ್ ಹಾಲ್‌ನಲ್ಲಿ ಮಗ ಬಟನ್ ಒತ್ತೋದು, ಚಕ್ರ ತಿರುಗೋದನ್ನ ನೋಡೋದು, ಮತ್ತೆ ಒತ್ತೋದು. ಹಿಂದೆ ನಿಂತ ಮಕ್ಕಳು ಗೊಣಗೋಕೆ ಶುರು ಮಾಡಿದ ಮೇಲೆ ಕೈ ಹಿಡಿದು ಎಳೆದುಕೊಂಡು ಬಂದೆ. ರೈಟ್ ಸಹೋದರರ 1903ರ ವಿಮಾನದ ಪೂರ್ಣ ಗಾತ್ರದ ಮಾದರಿ ನೋಡಿ ಮಗಳು, "ಅಪ್ಪಾ, ಇದಕ್ಕೆ ಸೀಟೇ ಇಲ್ವಲ್ಲಾ?" ಅಂದಳು. ಮಲಗಿಕೊಂಡೇ ಓಡಿಸ್ತಿದ್ರು ಅಂದರೆ ನಂಬಲೇ ಇಲ್ಲ.

ಹೊರಗೆ ಬರುವಾಗ ಮೂರು ಗಂಟೆ. ತಾರಾಲಯದ ಕನ್ನಡ ಶೋ ಆಸೆ ಬಿಟ್ಟು, ಕಬ್ಬನ್ ಪಾರ್ಕ್ ಹುಲ್ಲಿನ ಮೇಲೆ ಕೂತು ಮನೆಯಿಂದ ತಂದಿದ್ದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಎಚ್‌ಎಎಲ್ ಮ್ಯೂಸಿಯಂ ನೋಡೋದನ್ನ ದಸರಾ ರಜೆಗೆ ಇಟ್ಟುಕೊಂಡಿದೀವಿ. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್ ರೀ!