ಪ್ರತಿ ಮಾರ್ಚ್‌ಗೆ ಎಸಿ ಗ್ಯಾಸ್ ಖಾಲಿ, ರಿಪೇರಿ ಮಾಡಿಸುವುದೋ ಹೊಸದು ತರುವುದೋ?

ಮಲ್ಪೆ ಗಾಳಿ:
ಗೊತ್ತಿದ್ದವರು ಸ್ವಲ್ಪ ಹೇಳಿ ಮಾರಾಯ್ರೆ. ನಮ್ಮ ಮನೆ ಮಲ್ಪೆ ಹತ್ತಿರ, ಕಡಲಿಗೆ ಹೆಚ್ಚೆಂದರೆ 300 ಮೀಟರ್. 2019ರಲ್ಲಿ ತೆಗೆದ ಒಂದೂವರೆ ಟನ್ ಇನ್ವರ್ಟರ್ ಎಸಿ, 3 ಸ್ಟಾರ್. ಮೊದಲ ಮೂರು ವರ್ಷ ಏನೂ ತೊಂದರೆ ಇರಲಿಲ್ಲ. 2023ರ ಮಾರ್ಚ್‌ನಲ್ಲಿ ತಂಪೇ ಬರಲಿಲ್ಲ, ಗ್ಯಾಸ್ ಹಾಕಿಸಿದೆವು. 2024ರಲ್ಲಿ ಮತ್ತೆ, 2025ರಲ್ಲಿ ಮತ್ತೆ, ಈಗ ನಾಲ್ಕನೇ ಸಲ. ಪ್ರತಿ ಸಲ ಎರಡೂವರೆ ಮೂರು ಸಾವಿರ ಹೋಗುತ್ತದೆ. ಒಬ್ಬ ಟೆಕ್ನಿಷಿಯನ್ ಹೇಳಿದ್ದು, ಗ್ಯಾಸ್ ಓಡಿದಂತೆ ಮುಗಿಯುತ್ತದೆ ಅಂತ. ಇನ್ನೊಬ್ಬ ಬಂದು ನೋಡಿ ಹೊರಗಿನ ಯೂನಿಟ್‌ನ ಕಾಯಿಲ್ (ಗ್ಯಾಸ್ ಸುತ್ತುವ ಪೈಪಿನ ಸುರುಳಿ) ಹೋಗಿದೆ, 11,000 ಆಗುತ್ತದೆ, ಕೂಲಿ ಬೇರೆ ಎಂದ. ಯಾರನ್ನು ನಂಬುವುದು?

ಹೊರಗಿನ ಯೂನಿಟ್ ಪಶ್ಚಿಮದ ಗೋಡೆಯಲ್ಲಿ, ಕಡಲಿಗೆ ಮುಖ ಮಾಡಿ ನೇತಾಡುತ್ತಿದೆ. ಕೋಣೆ ಮೇಲಂತಸ್ತಿನಲ್ಲಿದೆ, 10 ಅಡಿಗೆ 12 ಅಡಿ, ಮೇಲೆ ಬರೀ ತಾರಸಿ. ಅಪ್ಪ ಹೇಳುತ್ತಾರೆ, ಅದನ್ನು ಗುಜರಿಗೆ ಹಾಕು, ಫ್ಯಾನ್ ಸಾಕು ಅಂತ. ಆದರೆ ನನ್ನ ಹೆಂಡತಿ ನರ್ಸ್, ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವಳು. ಏಪ್ರಿಲ್‌ನ ಸೆಕೆಯಲ್ಲಿ ಮಧ್ಯಾಹ್ನ ಆ ಕೋಣೆಯಲ್ಲಿ ಮಲಗುವುದೆಂದರೆ ಇಡ್ಲಿ ಅಟ್ಟದಲ್ಲಿ ಕೂತ ಹಾಗೆ.

ಪಾನಾ ಹಿಡಿದವ:
ನಾನು ಸುರತ್ಕಲ್ ಕಡೆಯವ, ಇದೇ ಕೆಲಸ, 18 ವರ್ಷ ಆಯಿತು. ಮೊದಲು ಒಂದು ಮಾತು. ಗ್ಯಾಸ್ ಎಂದರೆ ಸ್ಕೂಟರಿನ ಪೆಟ್ರೋಲ್ ಅಲ್ಲ, ಓಡಿದಂತೆ ಮುಗಿಯಲು. ಅದು ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ, ಒಳಗಿನ ಶಾಖ ಹೊತ್ತು ಹೊರಗೆ ಹಾಕುತ್ತದೆ, ಅಷ್ಟೇ. ಕಡಿಮೆ ಆಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿದವ ನಿಮ್ಮ ದುಡ್ಡನ್ನು ಗಾಳಿಗೆ ಬಿಟ್ಟ ಹಾಗೆ.

ಈ ಸಲ ಬಂದವನಿಗೆ ನೈಟ್ರೋಜನ್ ಸಿಲಿಂಡರ್ ತಂದು ಒತ್ತಡ ಕೊಟ್ಟು ಸೋಪಿನ ನೀರು ಹಚ್ಚಿ ನೋಡಲು ಹೇಳಿ. ಬರೀ ಗಾಳಿ ತುಂಬಿಸುವುದು ಬೇಡ, ಆಕ್ಸಿಜನ್ ಅಂತೂ ಬೇಡವೇ ಬೇಡ, ಒಳಗಿನ ಎಣ್ಣೆ ಸೇರಿದರೆ ಸ್ಫೋಟ ಆಗಬಹುದು. ಮೊದಲು ಪೈಪ್ ಸೇರುವಲ್ಲಿರುವ ಫ್ಲೇರ್ ನಟ್ ನೋಡಿ. ಅಲ್ಲಿ ಗುಳ್ಳೆ ಬಂದರೆ ನಿಮ್ಮ ಅದೃಷ್ಟ, ಪೈಪಿನ ತುದಿ ಅಗಲಿಸಿ ಹೊಸ ಫ್ಲೇರ್ ಹೊಡೆದು ಬಿಗಿದರೆ ಮುಗಿಯಿತು. ಅಲ್ಲಿ ಇಲ್ಲದಿದ್ದರೆ ಹೊರಗಿನ ಕಾಯಿಲ್‌ನ ಕೊನೆಯ ಬೆಂಡುಗಳು, ಕೆಳಗಿನ ಸಾಲು ನೋಡಿ. ನಮ್ಮ ಕರಾವಳಿಯಲ್ಲಿ ಹತ್ತರಲ್ಲಿ ಆರೇಳು ಸಲ ಅಲ್ಲೇ ಇರುತ್ತದೆ, ಇದು ನನ್ನ ಅನುಭವದ ಲೆಕ್ಕ. ಕಾರಣ ಸುಲಭ. ಪೈಪ್ ತಾಮ್ರ, ಅದಕ್ಕೆ ಅಂಟಿದ ರೆಕ್ಕೆಗಳು ಅಲ್ಯೂಮಿನಿಯಂ. ಎರಡರ ಮೇಲೂ ಉಪ್ಪು ನೀರಿನ ತೇವ ಕೂತರೆ ಅದು ಸಣ್ಣ ಬ್ಯಾಟರಿ ಇದ್ದ ಹಾಗೆ, ಮೊದಲು ಅಲ್ಯೂಮಿನಿಯಂ ಕರಗುತ್ತದೆ. ರೆಕ್ಕೆ ಮುಟ್ಟಿ ನೋಡಿ, ಬಿಳಿ ಪುಡಿ ಉದುರಿ ಹಪ್ಪಳದ ಹಾಗೆ ಮುರಿದರೆ ಆ ಕಾಯಿಲ್‌ನ ಆಯುಷ್ಯ ಮುಗಿಯಿತು.

ಯಾವ ಗ್ಯಾಸ್ ಎಂದು ಹೊರಗಿನ ಯೂನಿಟ್‌ನ ಸ್ಟಿಕ್ಕರ್‌ನಲ್ಲಿ ಇರುತ್ತದೆ, ಅದನ್ನೂ ಹೇಳಿ. ಗ್ಯಾಸ್ ತುಂಬುವ ಮೊದಲು ಒಳಗಿನ ಗಾಳಿ, ತೇವ ಎಳೆದು ತೆಗೆಯಲು ವ್ಯಾಕ್ಯೂಮ್ ಪಂಪ್ ಹಾಕಲೇಬೇಕು. ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಓಡಿಸಿದೆ ಎನ್ನುವವರನ್ನು ಗೇಟಿನಿಂದಲೇ ವಾಪಸ್ ಕಳಿಸಿ.

ಕಾಪು ದೀಪಸ್ತಂಭ:
ನಮ್ಮದೂ ಇದೇ ಕಥೆ. ಕಾಪುವಿನ ಲೈಟ್‌ಹೌಸ್ 1901ರಿಂದ ನಿಂತಿದೆ, ಅದಕ್ಕೂ ಬಣ್ಣ ಬಳಿಯದೆ ಆಗುವುದಿಲ್ಲ, ಇನ್ನು ನಮ್ಮ ತಗಡಿನ ಡಬ್ಬಿ ಯಾವ ಲೆಕ್ಕ.

ನಾನು ಮಾಡಿದ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ಹಳೆಯದು ಹೋಯಿತು ಅಂತ ದೊಡ್ಡದಿದ್ದರೆ ಬೇಗ ತಂಪಾಗುತ್ತದೆ ಎಂದು 2 ಟನ್ ತಂದೆ. ಕೋಣೆ ನಿಮ್ಮದರಷ್ಟೇ. ಐದು ನಿಮಿಷದಲ್ಲಿ ಚಳಿ, ಯಂತ್ರ ಕೂಡಲೇ ನಿಧಾನ ಆಗಿಬಿಡುತ್ತದೆ, ಆದರೆ ಮೈ ಅಂಟಂಟು. ನಮ್ಮ ಊರಿನ ಸಮಸ್ಯೆ ಬರೀ ಶಾಖ ಅಲ್ಲ, ಗಾಳಿಯಲ್ಲಿರುವ ನೀರು. ಆ ನೀರು ಇಳಿಯಬೇಕಾದರೆ ಒಳಗಿನ ತಣ್ಣನೆಯ ಕಾಯಿಲ್ ಮೇಲೆ ಗಾಳಿ ತುಂಬಾ ಹೊತ್ತು ಹಾಯಬೇಕು. ದೊಡ್ಡ ಯಂತ್ರ ಅದಕ್ಕೆ ಮೊದಲೇ ನಿಂತುಬಿಡುತ್ತದೆ. ಆ ಜೂನ್‌ನಲ್ಲಿ ಕಪಾಟಿನ ಸೀರೆಗಳಿಗೆಲ್ಲ ಬೂಸ್ಟು ಹಿಡಿಯಿತು, ಮನೆಯಲ್ಲಿ ನನಗೆ ಸಿಕ್ಕಿದ ಮಂಗಳಾರತಿ ಬೇಡ. ನಿಮ್ಮ 120 ಚದರ ಅಡಿಗೆ 1 ಟನ್ ಸಾಕು. ಮಳೆಗಾಲದಲ್ಲಿ ಡ್ರೈ ಮೋಡ್ ಹಾಕಿ.

ಮತ್ತೆ ಜಾಗ. ಎರಡನೇ ಸಲ ಹೊರಗಿನ ಯೂನಿಟ್ ಮನೆಯ ಪೂರ್ವಕ್ಕೆ ಹಾಕಿಸಿದೆ. ನಾಲ್ಕೈದು ಮೀಟರ್ ಪೈಪ್ ಜಾಸ್ತಿ ಹೋಯಿತು, ದುಡ್ಡು ಕೊಡುವಾಗ ಹೊಟ್ಟೆ ಉರಿಯಿತು, ಆದರೆ ಕಡಲ ಗಾಳಿ ನೇರ ಬಡಿಯುವುದಿಲ್ಲ. ತಿಂಗಳಿಗೊಮ್ಮೆ ಕರೆಂಟ್ ಆಫ್ ಮಾಡಿ ಬಾವಿ ನೀರು ಪೈಪಿನಲ್ಲಿ ಮೆಲ್ಲಗೆ ಬಿಡುತ್ತೇನೆ. ಬಾವಿಯದ್ದು ಉಪ್ಪು ನೀರಾದರೆ ಬೇಡ! ಪ್ರೆಶರ್ ವಾಷರ್ ಕೂಡ ಬೇಡ, ರೆಕ್ಕೆಗಳೆಲ್ಲ ಮಡಚಿಹೋಗುತ್ತವೆ.

ಮಲ್ಪೆ ಗಾಳಿ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಬೇರೆಯವರನ್ನು ಕರೆಸಿ ನೈಟ್ರೋಜನ್ ಹಾಕಿಸಿದೆ. ಫ್ಲೇರ್ ಎರಡೂ ಸರಿ ಇವೆ. ಹೊರಗಿನ ಕಾಯಿಲ್‌ನ ಕೆಳಗಿನ ಎರಡು ಬೆಂಡಿನಲ್ಲಿ ಗುಳ್ಳೆ ಬಂತು, ರೆಕ್ಕೆ ಅಂತೂ ಕೈಗೇ ಬಂತು. ಗ್ಯಾಸ್ ಆರ್32. ವಾರಂಟಿ ಕಾರ್ಡ್‌ನಲ್ಲಿ ಕಂಪ್ರೆಸರ್‌ಗೆ 10 ವರ್ಷ ಅಂತ ದೊಡ್ಡ ಅಕ್ಷರದಲ್ಲಿ ಇದೆ, ಕಾಯಿಲ್‌ಗೆ 1 ವರ್ಷ. ಇಲ್ಲಿ ಸಾಯುವುದು ಕಂಪ್ರೆಸರ್ ಅಲ್ಲವಲ್ಲ!

ಹೊಸದು ತೆಗೆದರೆ 5 ಸ್ಟಾರ್‌ಗೆ ಜಾಸ್ತಿ ಕೊಡುವುದು ಲಾಭವಾ? ಗೃಹಜ್ಯೋತಿಯಲ್ಲಿ ಬೇರೆ ತಿಂಗಳು ಬಿಲ್ಲು ಸೊನ್ನೆ, ಏಪ್ರಿಲ್ ಮೇಯಲ್ಲಿ 200 ಯೂನಿಟ್ ದಾಟಿ ಪೂರ್ತಿ ಬಿಲ್ಲು ತಲೆ ಮೇಲೆ ಬೀಳುತ್ತದೆ.

ಜೆಪ್ಪು ಹಂಚು:
ಲೆಕ್ಕ ನಾನು ಹೇಳುತ್ತೇನೆ, ನನಗೆ ಅದೇ ಚಟ. ಲೇಬಲ್‌ನಲ್ಲಿ ನಕ್ಷತ್ರ ಎಣಿಸಬೇಡಿ, ಐಸೀರ್ ಎಂಬ ಸಂಖ್ಯೆ ನೋಡಿ, ತಿನ್ನುವ ಕರೆಂಟಿಗೆ ಎಷ್ಟು ತಂಪು ಕೊಡುತ್ತದೆ ಎಂಬ ಅಳತೆ ಅದು. 2019ರಲ್ಲಿ 4.5 ಇದ್ದರೆ 5 ಸ್ಟಾರ್ ಸಿಗುತ್ತಿತ್ತು, 2022ರ ಜುಲೈನಿಂದ ಅದಕ್ಕೆ 5 ಬೇಕಾಯಿತು. ಅಳತೆ ಆಗಾಗ ಬಿಗಿಯಾಗುತ್ತದೆ, ಅಂಗಡಿಯವರು ಹಳೇ ಸ್ಟಾಕ್ ತೋರಿಸಿ 5 ಸ್ಟಾರ್ ಎನ್ನಬಹುದು. ಐಸೀರ್ 3.8 ಇರುವ ಯಂತ್ರ 100 ಯೂನಿಟ್ ತಿನ್ನುವ ಕೆಲಸಕ್ಕೆ 5 ಇರುವುದು 76 ತಿನ್ನುತ್ತದೆ. ಆದರೆ ಲೇಬಲ್‌ನ ವರ್ಷದ ಲೆಕ್ಕ 1600 ಗಂಟೆಯದ್ದು. ನಿಮ್ಮ ಮನೆಯಲ್ಲಿ ಹಗಲೂ ಓಡುತ್ತದೆ, ಆದ್ದರಿಂದ 5 ಸ್ಟಾರ್ ನಿಮಗೆ ಸರಿ. ವರ್ಷಕ್ಕೆ ಎರಡು ತಿಂಗಳು ರಾತ್ರಿ ಮಾತ್ರ ಹಾಕುವವರಿಗೆ 3 ಸಾಕು. ಎಸಿ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28 ಇದ್ದದ್ದು 18 ಆಗಿದೆ, ಅದೂ ನೆನಪಿರಲಿ. 24ರ ಬದಲು 26ಕ್ಕೆ ಇಟ್ಟು ಫ್ಯಾನ್ ಹಾಕಿ, ಒಂದು ಡಿಗ್ರಿಗೆ ಸುಮಾರು ಶೇ. 6 ಕರೆಂಟ್ ಉಳಿಯುತ್ತದೆ ಎಂದು ಈ ನಕ್ಷತ್ರ ಕೊಡುವ ಕೇಂದ್ರದ ಸಂಸ್ಥೆ ಬಿಇಇ ಹೇಳುತ್ತದೆ.

ಆದರೆ ಯಾರೂ ತಾರಸಿ ಬಗ್ಗೆ ಮಾತಾಡಲಿಲ್ಲ. ಬರೀ ಕಾಂಕ್ರೀಟ್ ಹಗಲಿಡೀ ಬಿಸಿಲು ಕುಡಿದು ರಾತ್ರಿ ಹನ್ನೊಂದರವರೆಗೂ ಕೆಳಗೆ ಕಕ್ಕುತ್ತದೆ. ಎಸಿ ಅದರ ಜೊತೆ ಕುಸ್ತಿ ಆಡಬೇಕು. ಮಂಗಳೂರಲ್ಲಿ ಎಲ್ಲರೂ ಮಳೆಗೆಂದು ತಾರಸಿ ಮೇಲೆ ಶೀಟ್ ಹಾಕುತ್ತಾರಲ್ಲ, ಬದಿ ತೆರೆದೇ ಇಟ್ಟರೆ ಅದು ಸೆಕೆಗೂ ಔಷಧ. ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು, ಆ ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ನಾವು ಅದನ್ನು ಇಳಿಸಿ ತಾರಸಿ ಹಾಕಿ ಎಸಿ ಕೊಂಡೆವು. ಇರಲಿ, ಇದು ಮುದುಕನ ಗೊಣಗಾಟ. ಶೀಟಿಗೆ ಈಗ ದುಡ್ಡಿಲ್ಲದಿದ್ದರೆ ತಾರಸಿಗೆ ಬಿಳಿ ಕೂಲ್ ರೂಫ್ ಪೇಂಟ್ ಬಳಿಯಿರಿ, ಪಶ್ಚಿಮದ ಕಿಟಕಿಗೆ ಹೊರಗಿನಿಂದ ತೆಂಗಿನ ಮಡಲಿನ ತಟ್ಟಿ ಕಟ್ಟಿ.

ಪಾನಾ ಹಿಡಿದವ:
ಏಳು ವರ್ಷದ ಯಂತ್ರಕ್ಕೆ 11,000 ಹಾಕಿ ಹೊಸ ಕಾಯಿಲ್ ಕೂರಿಸಿ ಅದೇ ಪಶ್ಚಿಮ ಗೋಡೆಗೆ ನೇತು ಹಾಕಿದರೆ ಇನ್ನು ಮೂರು ವರ್ಷಕ್ಕೆ ನೀವು ಇಲ್ಲೇ ಬಂದು ಕೇಳುತ್ತೀರಿ. ನನ್ನ ಹೊಟ್ಟೆಪಾಡು ರಿಪೇರಿ, ಆದರೂ ಹೇಳುತ್ತೇನೆ, ಹೊಸದು ತೆಗೆಯಿರಿ. ಬೇಕಾದರೆ ಹಾಕುವ ಮೊದಲೇ ಹೊರಗಿನ ಕಾಯಿಲ್‌ಗೆ ಉಪ್ಪು ತಡೆಯುವ ಕೋಟಿಂಗ್ ಮಾಡಿಸಿ. ಬ್ರಾಕೆಟ್ ಬಣ್ಣದ ಕಬ್ಬಿಣದ್ದು ಬೇಡ, 316 ಸ್ಟೀಲ್ ಸಿಕ್ಕಿದರೆ ಒಳ್ಳೆಯದು, 304ಕ್ಕಿಂತ ಅದು ಉಪ್ಪು ತಡೆಯುತ್ತದೆ. ಸಿಡಿಲಿನ ದಿನ ಪ್ಲಗ್ ತೆಗೆಯಿರಿ, ಮೇಯ ಮಳೆಗೆ ಎಷ್ಟು ಬೋರ್ಡ್ ಸುಟ್ಟಿದ್ದು ನೋಡಿದ್ದೇನೆ.

ಮಲ್ಪೆ ಗಾಳಿ:
ಆಯಿತು, 1 ಟನ್, ಪೂರ್ವದ ಗೋಡೆ. ಶೀಟ್ ಬಗ್ಗೆ ಅಪ್ಪನ ಹತ್ತಿರ ಮಾತಾಡಿದೆ, ಅವರು ಖುಷಿಯಲ್ಲಿ ಇವತ್ತೇ ಅಳತೆ ತೆಗೆದಿದ್ದಾರೆ. ಹಳೆಯದನ್ನು ಬಿಚ್ಚಲು ನಾಳೆ ಜನ ಬರುತ್ತಾರೆ, ಗ್ಯಾಸ್ ಪಂಪ್ ಡೌನ್ ಮಾಡಿ, ಅಂದರೆ ಯಂತ್ರ ಓಡಿಸಿಯೇ ಗ್ಯಾಸನ್ನೆಲ್ಲ ಹೊರಗಿನ ಯೂನಿಟ್‌ಗೆ ಎಳೆದು, ಬಿಚ್ಚುತ್ತೇವೆ ಅಂದರು.

ಪಾನಾ ಹಿಡಿದವ:
ನಿಲ್ಲಿಸಿ! ಸೋರುವ ಯಂತ್ರವನ್ನು ಪಂಪ್ ಡೌನ್ ಮಾಡಬಾರದು. ತೂತಿನಿಂದ ಗಾಳಿ ಒಳಗೆ ಎಳೆದುಕೊಂಡು, ಗ್ಯಾಸ್ ಎಣ್ಣೆ ಎಲ್ಲ ಬೆರೆತು ಒತ್ತಡಕ್ಕೆ ಕಂಪ್ರೆಸರ್ ಸಿಡಿಯುವುದುಂಟು. ಆರ್32 ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್ ಬೇರೆ. ಯಂತ್ರ ಆಫ್ ಇಟ್ಟು, ರಿಕವರಿ ಮಷಿನ್‌ನಲ್ಲಿ ಸಿಲಿಂಡರಿಗೆ ಎಳೆದು ತೆಗೆಯಲು ಹೇಳಿ. ಮಷಿನ್ ಇಲ್ಲ ಎಂದರೆ ಇರುವವರನ್ನು ಕರೆಸಿ, ಒಂದು ದಿನ ತಡವಾದರೂ ಪರವಾಗಿಲ್ಲ.