ಪದ ಬೇಕು, ತುರ್ತು: ಫೋಮ್ ಗರುಡದ ‘ಹಿಂಜ್’ಗೆ ಏನೆನ್ನೋಣ?

ಉಡುಪಿಯಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆ 5ರೊಳಗೆ ಒಂದು ಹಾಳೆ ಅಚ್ಚಿಗೆ ಹೋಗಬೇಕು. ಹೈಸ್ಕೂಲು ಮಕ್ಕಳ ರಜಾ ಶಿಬಿರಕ್ಕೆ ರೇಡಿಯೋ ನಿಯಂತ್ರಣದ ವಿಮಾನ ಮಾಡುವ ಕ್ರಮ. ಆಕಾರ ಮಲ್ಪೆ ಬಂದರಿನ ಮೇಲೆ ಸುತ್ತುವ ಗರುಡನದು, ಕಂದು ಮೈ, ಬಿಳಿ ತಲೆ. ರೆಕ್ಕೆ ತುದಿಯಿಂದ ತುದಿಗೆ 100 ಸೆಂ.ಮೀ., 5 ಮಿ.ಮೀ. ದಪ್ಪದ, ಎರಡೂ ಬದಿ ಕಾಗದವಿರುವ ಫೋಮ್ ಬೋರ್ಡ್, ಎಲ್ಲ ಸೇರಿ ಸುಮಾರು 600 ಗ್ರಾಂ. ಬಾಲ ಅಲುಗುವುದಿಲ್ಲ. ರೆಕ್ಕೆಯ ಹಿಂದಂಚಿನಲ್ಲಿರುವ ಎರಡು ಪಟ್ಟಿಗಳೇ ವಿಮಾನವನ್ನು ಏರಿಸಿ, ಇಳಿಸಿ, ವಾಲಿಸುತ್ತವೆ.

ಬೇಕಾದ ಪದಗಳು: ಹಿಂಜ್ (ಪಟ್ಟಿ ರೆಕ್ಕೆಗೆ ಸೇರಿ ಬಾಗುವ ಜಾಗ), ಎಲೆವಾನ್ (ಆ ಪಟ್ಟಿಗಳೇ), ಕಂಟ್ರೋಲ್ ಹಾರ್ನ್ (ಪಟ್ಟಿಯನ್ನು ಅಲುಗಿಸುವ ತಂತಿ ಸಿಕ್ಕಿಸಲು ಅದಕ್ಕೆ ಅಂಟಿಸುವ ತೂತಿನ ತುಂಡು), ಡೈಹೆಡ್ರಲ್ (ರೆಕ್ಕೆಯ ತುದಿಗಳು ಮೇಲಕ್ಕೆ ಎದ್ದಿರುವುದು), ಸೆಂಟರ್ ಆಫ್ ಗ್ರಾವಿಟಿ (ವಿಮಾನದ ತೂಕ ಸಮತೂಗುವ ಜಾಗ). ಹಿಂಜ್ ಒಂದೇ 11 ಕಡೆ ಬರುತ್ತದೆ. ಅದು ಮೊದಲು ಬೇಕು.

ಮಂಗಳೂರಿನಿಂದ:

ಹಿಂಜ್‌ಗೆ ಬಿಜಾಗ್ರಿ. ಬಡಗಿಗಳ ಬಾಯಲ್ಲಿ ಇರುವ ಪದ, ಹುಡುಕುವ ಅಗತ್ಯವೇ ಇಲ್ಲ. ಮೂಲ ಪೋರ್ಚುಗೀಸಿನ ಬಿಸಾಗ್ರ, ಮರಾಠಿಯಲ್ಲಿ ಬಿಜಾಗರಿ. ನಮ್ಮ ಜನೇಲು, ಚಾವಿ ಬಂದದ್ದೂ ಅದೇ ಕಡಲ ದಾರಿಯಲ್ಲಿ.

ಮೂಡುಬಿದಿರೆಯಿಂದ:

ಪೋರ್ಚುಗೀಸಿನವರು ಬರುವ ಮೊದಲು ನಮ್ಮ ಬಸದಿಗಳಿಗೆ ಬಾಗಿಲು ಇರಲಿಲ್ಲವೇ? ಅದು ಸಂಸ್ಕೃತದ ಬೀಜಾಗ್ರ. ಬೀಜದ ಮೊನೆಯಂತಿರುವ ಗೂಟದ ಮೇಲೆ ಬಾಗಿಲು ತಿರುಗುತ್ತದೆ, ಆದ್ದರಿಂದ ಆ ಹೆಸರು. ಹಾಳೆಯಲ್ಲಿ ಶುದ್ಧರೂಪವನ್ನೇ ಬಳಸಿ.

ಮಂಗಳೂರಿನಿಂದ:

ಬೀಜಾಗ್ರ ಎಂದು ಯಾವ ಬಡಗಿಯೂ ಹೇಳುವುದಿಲ್ಲ. ಮೊದಲ ಅಕ್ಷರ ಹ್ರಸ್ವ. ಕೇಳಿದ ಪದವನ್ನು ಕೈಗೆ ಸಿಕ್ಕ ಎರಡು ಸಂಸ್ಕೃತ ತುಂಡುಗಳಾಗಿ ಒಡೆಯುವುದು ನಿರುಕ್ತಿ ಅಲ್ಲ. ಬಸದಿಯ ಬಾಗಿಲು ತಿರುಗುತ್ತಿದ್ದದ್ದು ಕಲ್ಲಿನ ಕುಳಿಯಲ್ಲಿ ಕೂತ ಮರದ ಮೊಳೆಯ ಮೇಲೆ. ಎರಡು ಎಲೆಯ ಕಬ್ಬಿಣದ ತುಂಡು ಬೇರೆ ವಸ್ತು. ವಸ್ತು ಬಂದಾಗ ಹೆಸರೂ ಬಂತು. ಈ ಮಾತು ಇಲ್ಲಿಗೆ ಸಾಕು.

ಕಾಪುವಿನಿಂದ:

ಸಂಸ್ಕೃತವೂ ಬೇಡ, ಪೋರ್ಚುಗೀಸೂ ಬೇಡ. ಕೀಲು ಇದೆ. ಎಲೆವಾನ್‌ಗೆ ಕಿರುರೆಕ್ಕೆ, ಹಾರ್ನ್‌ಗೆ ಕೊಂಬು, ಡೈಹೆಡ್ರಲ್‌ಗೆ ಏರು, ಸೆಂಟರ್ ಆಫ್ ಗ್ರಾವಿಟಿಗೆ ತೂಕನಡು. ರೆಕ್ಕೆಯನ್ನೇ ನೋಡಿ: ಹಳಗನ್ನಡದ ಎಱಂಕೆ, ಎಱಕೆ ಸವೆದು ಆದದ್ದು. ಸಾವಿರ ವರ್ಷ ಬಾಳಿದ ಬೇರು ಅದು. ಅಂಥ ಬೇರುಗಳಿರುವ ನುಡಿ ಫೋಮ್ ತುಂಡಿಗೆ ಎರವಲು ತರುವುದು ಸೋಮಾರಿತನ. ಅನುವಾದಿಸುವುದಾದರೆ ಎಲ್ಲವನ್ನೂ ಅನುವಾದಿಸಿ: ರಿಮೋಟಿನಲ್ಲಿ ಪಟ್ಟಿಯ ನಿಲುವು ತಿದ್ದುವ ಟ್ರಿಮ್, ನಡುವಿನ ಹತ್ತಿರ ಕೋಲಿನ ಚುರುಕು ತಗ್ಗಿಸುವ ಎಕ್ಸ್‌ಪೋ, ಎರಡು ಆಜ್ಞೆ ಕೂಡಿಸುವ ಮಿಕ್ಸ್ ಕೂಡ. ಅರ್ಧ ಕನ್ನಡ ಯಾರಿಗೂ ಬೇಡ.

ಸುರತ್ಕಲ್‌ನಿಂದ:

ಪದ ಸೂಚಿಸುವ ಮೊದಲು ಆ ಜಾಗದಲ್ಲಿ ಕೈ ಏನು ಮಾಡುತ್ತದೆ ಎಂದು ನೋಡಬೇಕು ಮಾರಾಯ್ರೇ. ಇಲ್ಲಿ ಬಿಜಾಗ್ರಿಯೂ ಇಲ್ಲ, ಕೀಲೂ ಇಲ್ಲ. ಬೋರ್ಡಿನ ಕೆಳಬದಿಯ ಕಾಗದವನ್ನೂ ನಡುವಿನ ಫೋಮನ್ನೂ ಬ್ಲೇಡಿನಿಂದ ಕೊಯ್ದು, ಮೇಲಿನ ಕಾಗದವನ್ನು ಹಾಗೇ ಬಿಡುತ್ತಾರೆ. ಪಟ್ಟಿಯ ಕಡೆಯ ಫೋಮ್ ಅಂಚನ್ನು 45 ಡಿಗ್ರಿ ಓರೆಯಾಗಿ ಕತ್ತರಿಸುತ್ತಾರೆ, ಇಲ್ಲದಿದ್ದರೆ ಪಟ್ಟಿ ಕೆಳಗೆ ಬಾಗುವಾಗ ಅಂಚಿಗೆ ಅಂಚು ತಾಗಿ ನಿಲ್ಲುತ್ತದೆ. ಉಳಿದ ಆ ಕಾಗದವೇ ಹಿಂಜ್. ನಮ್ಮ ಕರಾವಳಿಯ ತೇವಕ್ಕೆ ಕಾಗದ ಮೆತ್ತಗಾಗಿ ಬಿರುಕು ಬಿಡುತ್ತದೆ, ಹಾಗಾಗಿ ಅದರ ಮೇಲೆ ಉದ್ದಕ್ಕೂ ನೂಲೆಳೆಯ ಟೇಪ್ ಹಾಕಬೇಕು. ಬಿಜಾಗ್ರಿ ಎಂದು ಅಚ್ಚಾದರೆ ಮಕ್ಕಳು ಅಂಗಡಿಗೆ ಹೋಗಿ ಕಬ್ಬಿಣದ್ದು ಕೇಳುತ್ತಾರೆ.

ಅದಕ್ಕಿಂತ ಮುಖ್ಯವಾದದ್ದು, ಹಾಳೆಗೆ ಬೇಕಿರುವುದು ವಸ್ತುವಿನ ಹೆಸರಲ್ಲ, ಗೆರೆಯ ಹೆಸರು. ಕೊಂಬಿನ ತೂತು ಈ ಗೆರೆಯ ನೇರಕ್ಕೇ ಬರಬೇಕು. 4–5 ಮಿ.ಮೀ. ಹಿಂದೆ ಹೋದರೂ ಪಟ್ಟಿ ಮೇಲೇಳುವಷ್ಟು ಕೆಳಗಿಳಿಯುವುದಿಲ್ಲ, ಅಥವಾ ಕೆಳಗಿಳಿದಷ್ಟು ಮೇಲೇಳುವುದಿಲ್ಲ. ವಾಲಿಸುವಾಗ ಒಂದು ಪಟ್ಟಿ ಮೇಲೆ, ಇನ್ನೊಂದು ಕೆಳಗೆ ಹೋಗುತ್ತದಲ್ಲ, ಅಳತೆ ಸಮವಿಲ್ಲದಿದ್ದರೆ ಪ್ರತಿ ತಿರುವಿನಲ್ಲೂ ಮೂಗು ಏಳುತ್ತದೆ ಇಲ್ಲವೇ ಬೀಳುತ್ತದೆ. ಟ್ರಿಮ್ ಎಷ್ಟು ಒತ್ತಿದರೂ ಅದು ಸರಿಹೋಗದು.

ಎಲೆವಾನ್‌ಗೆ ಕಿರುರೆಕ್ಕೆ ಬೇಡ. ಅದು ಫ್ರೆಂಚಿನ ಎಯ್ಲರಾನ್‌ನ ಪಡಿಯಚ್ಚು, ಅಲ್ಲಿ ಅದಕ್ಕೆ ಪುಟ್ಟ ರೆಕ್ಕೆ ಎಂದೇ ಅರ್ಥ. ಎಲೆವಾನ್ ಎಂದರೆ ಏರಿಸಿ ಇಳಿಸುವ ಎಲಿವೇಟರೂ ವಾಲಿಸುವ ಎಯ್ಲರಾನೂ ಕೂಡಿದ್ದು, ಅರ್ಧ ಅರ್ಥ ಬಿಟ್ಟುಹೋಯಿತು. ರಿಮೋಟಿನ ಪರದೆಯಲ್ಲಿ ಎಲೆವಾನ್, ಮಿಕ್ಸ್, ಟ್ರಿಮ್, ಎಕ್ಸ್‌ಪೋ ಎಂದೇ ಇರುತ್ತದೆ. ಪರದೆಯಲ್ಲಿ ಕಾಣುವ ಪದವನ್ನು ಹಾಳೆಯಲ್ಲಿ ಬದಲಿಸಿದರೆ ಮಗು ಎರಡರ ನಡುವೆ ಸಿಕ್ಕಿಬೀಳುತ್ತದೆ. ಕೈಯಲ್ಲಿ ಮಾಡುವುದಕ್ಕೆ ಕನ್ನಡ, ಪರದೆಯಲ್ಲಿ ಒತ್ತುವುದಕ್ಕೆ ಪರದೆಯ ಪದ.

ಪರೀಕ್ಷೆಯ ಸಾಲುಗಳಲ್ಲಿ ಜಾಗ್ರತೆ. ಮೊದಲು ಪ್ರೊಪೆಲ್ಲರ್ ಬಿಚ್ಚಿಡಲು ಹೇಳಿ. ಹಿಂದಿನಿಂದ ನೋಡಬೇಕು: ರಿಮೋಟಿನ ಕೋಲನ್ನು ತನ್ನ ಕಡೆಗೆ ಎಳೆದರೆ ಎರಡೂ ಪಟ್ಟಿ ಮೇಲೆ, ಬಲಕ್ಕೆ ತಳ್ಳಿದರೆ ಬಲದ್ದು ಮೇಲೆ, ಎಡದ್ದು ಕೆಳಗೆ. ಕೋಲು ನಡುವಿನಲ್ಲಿದ್ದಾಗ ಎರಡೂ 2 ಮಿ.ಮೀ. ಮೇಲೆದ್ದಿರಲಿ. ಚಲನೆ ಎರಡೂ ಕಡೆಗೆ 10–12 ಮಿ.ಮೀ., ಎಕ್ಸ್‌ಪೋ ಶೇ. 30.

‘ಅಂಟು ಹಚ್ಚಿ’ ಎಂದಷ್ಟೇ ಬರೆಯಬೇಡಿ. ಸೂಪರ್ ಗ್ಲೂ ತಂದು ಹಚ್ಚಿದರೆ ಒಳಗಿನ ಪಾಲಿಸ್ಟೈರೀನ್ ಕರಗಿ ತೂತಾಗುತ್ತದೆ. ಗ್ಲೂ ಗನ್ ಎಂದು ಸ್ಪಷ್ಟವಾಗಿ ಬರೆಯಿರಿ.

ತೂಕನಡು ತಪ್ಪು. ನಡು ಎಂದರೆ ಮಕ್ಕಳು ವಿಮಾನದ ಉದ್ದ ಅಳೆದು ಅರ್ಧಕ್ಕೆ ಗುರುತು ಹಾಕುತ್ತಾರೆ. ರೆಕ್ಕೆ ಮೈಗೆ ಸೇರುವಲ್ಲಿ ಅಗಲ 24 ಸೆಂ.ಮೀ. ಇದ್ದರೆ ಗುರುತು ಮುಂದಂಚಿನಿಂದ 6 ಸೆಂ.ಮೀ. ಹಿಂದೆ, ಮೊದಲ ಹಾರಾಟಕ್ಕೆ 5.5. ಹಿಂದೆ ಸರಿದರೆ ಕೈಬಿಟ್ಟ ಕೂಡಲೇ ಮೂಗೆತ್ತಿ, ವೇಗ ಕಳೆದುಕೊಂಡು, ಒಂದು ರೆಕ್ಕೆಯ ಮೇಲೆ ಬೀಳುತ್ತದೆ.

ಕಾಪುವಿನಿಂದ:

ಪರದೆಯಲ್ಲಿ ಇಂಗ್ಲಿಷ್ ಇದೆ ಎಂದು ಹಾಳೆಯಲ್ಲೂ ಇಂಗ್ಲಿಷ್! ಇದೇ ವಾದದಿಂದ ಬ್ಯಾಂಕಿನ ಚಲನ್ ಹೋಯಿತು, ರೈಲಿನ ಟಿಕೇಟು ಹೋಯಿತು. ಪರದೆಯನ್ನು ಬದಲಿಸಿ ಎಂದು ಕೇಳುವ ಬದಲು ನುಡಿಯನ್ನೇ ಬಾಗಿಸುತ್ತೀರಿ. ಆದರೆ ‘ನಡು’ವಿನ ಬಗ್ಗೆ ಹೇಳಿದ್ದು ಸರಿ. ಹಿಂದಕ್ಕೆ ಪಡೆಯುತ್ತೇನೆ.

ಮಂಗಳೂರಿನಿಂದ:

ಜನೇಲು ತೆರೆದು ಗಾಳಿ ಬಂದಾಗ ಅದು ಪೋರ್ಚುಗೀಸ್ ಗಾಳಿ ಎಂದು ಯಾರೂ ಮುಚ್ಚಲಿಲ್ಲ. ಎರವಲು ಪಡೆದು ಈ ಊರಿನ ನಾಲ್ಕು ನುಡಿಗಳೂ ಬೆಳೆದಿವೆ. ಕಾಪುವಿನವರು ಟಿಕೇಟಿನ ಸಿಟ್ಟನ್ನು ಮಕ್ಕಳ ಹಾಳೆಯ ಮೇಲೆ ತೀರಿಸಬಾರದು. ಬಿಜಾಗ್ರಿ ಇಲ್ಲಿಗೆ ಹೊಂದುವುದಿಲ್ಲ, ಅದನ್ನು ಒಪ್ಪಿದೆ. ಪದ ಮಾತ್ರ ಒಳ್ಳೆಯದೇ.

ಮಣಿಪಾಲದಿಂದ:

ಗೆರೆಯ ಹೆಸರೇ ಬೇಕಾದರೆ ಮಡಚುಗೆರೆ. ಕ್ರಿಯಾಧಾತು ಮುಂದೆ, ನಾಮಪದ ಹಿಂದೆ: ಬೀಸುಕಲ್ಲು, ಊರುಗೋಲು, ಕಡೆಗೋಲು ಇರುವ ಹಾಗೆ. ಮಡಿಕೆಗೆರೆ ಬೇಡ. ಮಡಿಕೆ ಎಂದರೆ ನಮ್ಮಲ್ಲಿ ಅರ್ಧ ಜನಕ್ಕೆ ಮಣ್ಣಿನ ಪಾತ್ರೆ ನೆನಪಾಗುತ್ತದೆ. ಕೀಲು ಯಾಕೆ ಬೇಡ ಎಂದರೆ ಅದಕ್ಕೆ ಎರಡು ಗಟ್ಟಿ ತುಂಡು ಸೇರಿ ಅಲುಗುವ ಜಾಗ ಎಂಬ ಅರ್ಥ ಊರಿಹೋಗಿದೆ, ಮೊಣಕಾಲಿನ ಹಾಗೆ. ಇಲ್ಲಿ ಒಂದೇ ಹಾಳೆ ಬಾಗುತ್ತದೆ.

ಡೈಹೆಡ್ರಲ್‌ಗೆ ಗಣಿತದ ದ್ವಿತಲ ಕೋನ ಹಾಕಬೇಡಿ. ಕಾಪುವಿನವರ ‘ಏರು’ ಚೆನ್ನಾಗಿದೆ, ಜೊತೆಗೆ ಅಳತೆ ಕೊಡಿ: ತುದಿ 5 ಸೆಂ.ಮೀ. ಎತ್ತರ. ಅರ್ಧ ರೆಕ್ಕೆ 50 ಸೆಂ.ಮೀ. ಆದ್ದರಿಂದ ಸುಮಾರು 6 ಡಿಗ್ರಿ. ಸೆಂಟರ್ ಆಫ್ ಗ್ರಾವಿಟಿಗೆ ಪಠ್ಯಪುಸ್ತಕದ ಗುರುತ್ವ ಕೇಂದ್ರ ಸರಿಯಾದ ಪದವೇ, ಆದರೆ ಮಕ್ಕಳು ಪೆನ್ನಿನಲ್ಲಿ ಹಾಕುವುದು ಚುಕ್ಕೆಯನ್ನು. ಅದಕ್ಕೆ ತೂಕದ ಚುಕ್ಕೆ ಎನ್ನಬಹುದು.

ಉಡುಪಿಯಿಂದ:

ಎಲ್ಲರಿಗೂ ಉಪಕಾರ. ಸೇರಿಸಿದ ಸಾಲುಗಳು ಹೀಗಿವೆ, ತಪ್ಪಿದ್ದರೆ ರಾತ್ರಿಯೊಳಗೆ ಹೇಳಿ.

“ಎಲೆವಾನ್ ಪಟ್ಟಿಯ ಮಡಚು ಗೆರೆಯ ನೇರಕ್ಕೆ ಕೊಂಬಿನ ತೂತು ಬರುವಂತೆ ಗ್ಲೂ ಗನ್ನಿನಿಂದ ಅಂಟಿಸಿ. ಬ್ಯಾಟರಿ ಕೂರಿಸಿ, ಎರಡೂ ರೆಕ್ಕೆಯ ಅಡಿಯಲ್ಲಿ ತೂಕದ ಚುಕ್ಕೆಗೆ ಒಂದೊಂದು ಬೆರಳು ಕೊಟ್ಟು ಎತ್ತಿ. ಮೂಗು ಕೂದಲೆಳೆಯಷ್ಟು ತಗ್ಗಬೇಕು. ಬಾಲ ತಗ್ಗಿದರೆ ಬ್ಯಾಟರಿಯನ್ನು ಮುಂದೆ ಸರಿಸಿ: 100 ಗ್ರಾಂ ಬ್ಯಾಟರಿ 3 ಸೆಂ.ಮೀ. ಸರಿದರೆ ತೂಕ 5 ಮಿ.ಮೀ. ಮುಂದೆ ಬರುತ್ತದೆ.”

ಇನ್ನೊಂದು ಉಳಿದಿದೆ. ಹಕ್ಕಿಗೆ ನಿಂತ ಬಾಲರೆಕ್ಕೆ ಇಲ್ಲ, ಹಾಗಾಗಿ ಮೂಗು ಅತ್ತಿತ್ತ ತೂಗಾಡುತ್ತದೆ. ಬಾಲದ ಅಡಿಗೆ ಪಾರದರ್ಶಕ ಹಾಳೆಯ ತುಂಡೊಂದನ್ನು ನೇರ ನಿಲ್ಲಿಸುತ್ತೇವೆ, ದೂರಕ್ಕೆ ಕಾಣುವುದಿಲ್ಲ. ಅದನ್ನು ‘ಕಾಣದ ಈಜುರೆಕ್ಕೆ’ ಎಂದು ಬರೆದಿದ್ದೇನೆ.

ಮಣಿಪಾಲದಿಂದ:

ಈಜುರೆಕ್ಕೆ ಮೀನಿನದು, ಗರುಡನಿಗೆ ಬೇಡ. ನಿಲುಪಟ್ಟಿ ಎನ್ನಿ. ಮಡಚುಗೆರೆ ಸಮಾಸ, ನಡುವೆ ಜಾಗ ಬಿಡಬೇಡಿ. ಸಾಲಿನ ಕೊನೆಗೆ ಬಂದರೆ ಅಚ್ಚಿನವರು ಒಡೆಯುತ್ತಾರೆ, ಕರಡಿನಲ್ಲಿ 11 ಕಡೆಯೂ ನೋಡಿ.

ಕಾಪುವಿನಿಂದ:

‘ಗ್ಲೂ ಗನ್ನಿನಿಂದ’ ಎಂಬುದಕ್ಕೆ ನನ್ನ ಒಪ್ಪಿಗೆ ಇಲ್ಲ. ಮಡಚುಗೆರೆಗೆ ಇದೆ.