ಸಹಾಯ ಬೇಕು: ಅಮ್ಮನ ಭಯಕ್ಕೆ ಏನು ಉತ್ತರ ಕೊಡಲಿ?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 81 ವರ್ಷ, ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆ. ರಾತ್ರಿ ನನ್ನ ಕೈ ಗಟ್ಟಿಯಾಗಿ ಹಿಡಿದು, "ನ್ಯಾಯತೀರ್ಪಿನ ದಿನ ಸ್ವಾಮಿ ನನ್ನನ್ನ ಸೇರಿಸಿಕೊಳ್ತಾನಾ?" ಎಂದು ಕೇಳುತ್ತಾರೆ. ಒಂದು ಭಾನುವಾರವೂ ಆರಾಧನೆ ತಪ್ಪಿಸದ ಜೀವ ಅದು.

ಪಾಸ್ಟರ್ ಬಂದು ಪ್ರಾರ್ಥಿಸಿದರು. ಕ್ರಿಸ್ತನಲ್ಲಿ ಇರುವವರಿಗೆ ಶಿಕ್ಷೆಯ ತೀರ್ಪಿಲ್ಲ ಅಂತ ಬೈಬಲಿನ ರೋಮಾಪುರದವರಿಗೆ ಬರೆದ ಪತ್ರ 8:1 ಓದಿದೆ. ಸ್ವಲ್ಪ ಹೊತ್ತು ಸಮಾಧಾನ. ಆಮೇಲೆ 1 ಯೋಹಾನ 4:18 ಓದಿದೆ, ಪೂರ್ಣ ಪ್ರೀತಿ ಭಯವನ್ನು ಓಡಿಸುತ್ತದೆ ಅಂತ. "ನನಗೆ ಭಯ ಇದೆಯಲ್ಲ, ಹಾಗಾದ್ರೆ ನನ್ನ ಪ್ರೀತಿ ಸಾಲದು" ಎಂದು ಅತ್ತುಬಿಟ್ಟರು.

ನಾನು ಸಿಕ್ಕಿಕೊಂಡಿರುವುದು ಇಲ್ಲೇ. 19ನೇ ವಚನದಲ್ಲಿ ದೇವರೇ ಮೊದಲು ಪ್ರೀತಿಸಿದ ಅಂತಿದೆ, ಅಲ್ವಾ? ಹಾಗಾದರೆ 18ರ ಪೂರ್ಣ ಪ್ರೀತಿ ಯಾರದು, ದೇವರದಾ, ನಮ್ಮದಾ? ಅದನ್ನು ಅಮ್ಮನಿಗೆ ಎರಡೇ ಮಾತಿನಲ್ಲಿ ಹೇಗೆ ಹೇಳಲಿ?